ಕೊಡಲಿಯ ಮೇಲಿನ ಅರಿವೆ

ಮುಖ, ಕೈ ಎಲ್ಲ ಕಪ್ಪಗಿದ್ದರೂ ನೇಕಾರ ಕಾಕಾ ಅವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬೆಳ್ಳಗಿತ್ತು. ಹತ್ತು ವರ್ಷದ ಹುಡುಗನಿದ್ದಾಗಿನಿಂದ ಕುಣಿಮಗ್ಗದ ತಗ್ಗಿನಲ್ಲಿ ಇಳಿಬಿಟ್ಟ ಕಾಲುಗಳು ಅವು. ಬಿಸಿಲು ಕಂಡದ್ದೇ ಕಡಿಮೆ.

ಎಪ್ಪತ್ತರ ದಶಕದ ಕೊನೆಗೆ ನಾನು ಇಳಕಲ್ಲಿನ ಒಂದು ಹೈಸ್ಕೂಲಿಗೆ ಇತಿಹಾಸ ಕಲಿಸಲು ಬಂದು, ಅವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಬಾಗಲಕೋಟೆಯ ಹುಡುಗಿ, ಕೈಯಲ್ಲಿ ಹೊಸ ಬಿ.ಎಡ್., ತಲೆಯಲ್ಲಿ ತುಸು ಹೆಚ್ಚೇ ಗಾಳಿ. ಕಾಕಾ ನನ್ನ ಅಪ್ಪನಿಗಿಂತ ದೊಡ್ಡವರು, ಆದರೂ ಶಿಕ್ಷಕಿಯೆಂದು ಬಾಯಿತುಂಬ ‘ಅಕ್ಕೋರ’ ಎನ್ನುತ್ತಿದ್ದರು. ಸಂಜೆ ಲಾಳಿಯ ಸದ್ದು ನಿಂತಿತೆಂದರೆ ಕಟ್ಟೆಗೆ ಬಂದು ಕೂತು, ಎಲೆಗೆ ಸುಣ್ಣ ಹಚ್ಚುತ್ತ ಕೇಳುವರು: “ಇವತ್ತ ಏನ ಕಲಿಸಿದ್ರಿ, ಅಕ್ಕೋರ?”

ಒಂದು ಸಂಜೆ ನಾನು ತಾಮ್ರಯುಗದ ಪಾಠ ಒಪ್ಪಿಸಿದೆ. ಕಬ್ಬಿಣ ಗೊತ್ತಾಗುವ ಮೊದಲು ಮನುಷ್ಯ ತಾಮ್ರದಲ್ಲೇ ಕೊಡಲಿ, ಭರ್ಚಿ, ಕತ್ತಿ ಮಾಡಿಕೊಂಡ ಎಂದೆ.

“ತಾಮ್ರ ಭಾಳ ಮೆತ್ತಗಲ್ರಿ? ನಮ್ಮಾಕಿ ಕೈಯಾಗಿನ ತಂಬಿಗಿ ಬಿದ್ದರ ನೆಗ್ಗತೈತಿ. ಗಿಡಾ ಹೆಂಗ ಕಡಿದಿದ್ರು?”

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ. ಕಾಕಾ ಸುಮ್ಮನಾಗುವವರಲ್ಲ. ಸಂತೆಯ ದಿನ ತಾಮ್ರದ ಕೊಡ ಮಾಡುವವನನ್ನು ಹಿಡಿದು ಕೇಳಿಕೊಂಡು ಬಂದರು. “ಬಡದಷ್ಟೂ ಬಿರಸಾಗ್ತೈತಂತ್ರಿ. ಮತ್ತ ಮೆತ್ತಗ ಮಾಡಬೇಕಂದ್ರ ಬೆಂಕಿಗೆ ಹಿಡೀಬೇಕಂತ. ಅಂದ್ರ ಕೊಡಲಿ ಬಾಯಿ ಬಡದು ಬಡದು ಗಟ್ಟಿ ಮಾಡಿರಬೇಕು.” ಮರುದಿನ ಇದನ್ನು ತರಗತಿಯಲ್ಲಿ ನಾನೇ ಕಂಡುಕೊಂಡವಳಂತೆ ಹೇಳಿದೆ. ಅಲ್ಲಿಂದಲೇ ಶುರುವಾಯಿತೇನೋ ನನ್ನ ಸಣ್ಣತನ.

ಮರುವರ್ಷ ಎರಡನೆಯ ಮಗ್ಗ ಹೂಡಲು ಹಿಂದಿನ ಖೋಲಿಯಲ್ಲಿ ಕುಣಿ ತೋಡುತ್ತಿದ್ದಾಗ ಅವರ ಗುದ್ದಲಿಗೆ ಏನೋ ತಾಗಿತು. ಅಂಗೈಯಗಲದ ತಾಮ್ರದ ಕೊಡಲಿ, ಮೈತುಂಬ ಹಸಿರು ಕಿಲುಬು. ಕಾಕಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನನ್ನು ಕರೆದರು.

“ಇಲ್ಲಿ ನೋಡ್ರಿ. ಕಿಲಬಿನಾಗ ಹಾಸು ಐತಿ, ಹೊಕ್ಕು ಐತಿ. ಅರಿವಿ ಸುತ್ತಿ ಇಟ್ಟಾರ.”

ಎರಡು ಬೆರಳಗಲದ ಜಾಗದಲ್ಲಿ ಉದ್ದ ಎಳೆ, ಅಡ್ಡ ಎಳೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಉಗುರು ತಾಗಿಸದೆ ಒಂದು ಕಡೆ ತೋರಿಸಿದರು. “ಎಳಿ ಹರದದ್ದಕ್ಕ ಗಂಟ ಹಾಕ್ಯಾರ. ಕಳಕೊಂಡದ್ದಲ್ರಿ ಇದು, ಜ್ವಾಕಿ ಮಾಡಿ ಇಟ್ಟದ್ದು. ಕಾಣಸ್ತೈತಿಲ್ಲರಿ?”

“ಹೂಂ” ಎಂದೆ. ಗಂಟೂ ಕಂಡಿತ್ತು.

ಮುಖ್ಯೋಪಾಧ್ಯಾಯರು ಧಾರವಾಡದ ಒಬ್ಬ ವಿದ್ವಾಂಸರಿಗೆ ಕಾಗದ ಬರೆದರು. ಅವರು ದಿನ ಗೊತ್ತುಮಾಡಿ ಬರುತ್ತೇನೆಂದರು. ಕೊಡಲಿಯನ್ನು ಕಾಕಾ ನನ್ನ ಟ್ರಂಕಿನಲ್ಲಿ ಇಡಿಸಿದರು, ಓದಿದವರ ಹತ್ತಿರ ಭದ್ರವಾಗಿರುತ್ತದೆಂದು. ಅವರಿಗಿದ್ದ ಆಸೆ ಒಂದೇ. “ಬಲ್ಲವರು ಒಂದ ಮಾತ ಹೇಳಿಬಿಟ್ರ ಸಾಕ್ರಿ, ಕಬ್ಬಿಣ ಬರೂಕಿಂತ ಮೊದಲ ಈ ಮಣ್ಣಾಗ ಮಗ್ಗ ಇತ್ತು ಅಂತ.” ಓಣಿಯ ನೇಕಾರರಿಗೆಲ್ಲ ಆ ದಿನ ಬರಲು ಹೇಳಿಬಂದಿದ್ದರು.

ಹಿಂದಿನ ದಿನ ಕಾಕಾ, ಅವರ ಹೆಂಡತಿ ಕಾಕೂ ಇಬ್ಬರೂ ಹುನಗುಂದಕ್ಕೆ ಮದುವೆಗೆ ಹೋಗಿದ್ದರು. ದೊಡ್ಡವರು ನೋಡುವ ವಸ್ತು, ಹೀಗೆ ಕಿಲುಬು ಹಿಡಿದಿದ್ದರೆ ಹೇಗೆ ಎನಿಸಿತು ನನಗೆ. ನಮ್ಮವ್ವ ಹಬ್ಬಕ್ಕೆ ಹಂಡೆ ಬೆಳಗುತ್ತಿದ್ದಂತೆ ಹುಣಸೆಹಣ್ಣು, ಉಪ್ಪು ಕಲಸಿ ಅದರಲ್ಲಿ ಮುಳುಗಿಸಿಟ್ಟು, ಇಟ್ಟಂಗಿ ಪುಡಿಯಿಂದ ತಿಕ್ಕಿದೆ. ಅರಿವೆಯ ಗುರುತು ತಾಮ್ರದ ಮೇಲೇ ಮೂಡಿದೆ, ತೊಳೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದೆ. ಅದು ಇದ್ದದ್ದು ಕಿಲುಬಿನಲ್ಲಿ ಮಾತ್ರ. ಕೊಡಲಿ ಹೊಸ ತಂಬಿಗೆಯಂತೆ ಕೆಂಪಗೆ ಹೊಳೆಯಿತು, ಒಂದೆಳೆಯೂ ಉಳಿಯಲಿಲ್ಲ.

ಊರಿಂದ ಬಂದ ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. “ನೀರ ಎಲ್ಲಿ ಚೆಲ್ಲಿದ್ರಿ, ಅಕ್ಕೋರ?” ಎಂದಷ್ಟೇ ಕೇಳಿ, ಬಚ್ಚಲ ಮೋರಿಯ ಹತ್ತಿರ ಹೋಗಿ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತರು.

ವಿದ್ವಾಂಸರು ಬಂದು ಕೊಡಲಿ ಹಿಡಿದವರೇ ಸಿಟ್ಟಾದರು. “ಯಾರ್ರೀ ಇದನ್ನ ತಿಕ್ಕಿದವರು?”

ಮುಖ್ಯೋಪಾಧ್ಯಾಯರು ಪಕ್ಕದಲ್ಲೇ ಇದ್ದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ನೆಲ ನೋಡಿದೆ.

“ನಮ್ಮ ಮನ್ಯಾಗ ಆತ್ರಿ, ತಪ್ಪಾತು,” ಎಂದರು ಕಾಕಾ. “ಆದ್ರ ಇದರ ಮ್ಯಾಲ ಅರಿವಿ ಇತ್ರಿ ಸಾಹೇಬ್ರ. ಖರೇ ಹೇಳ್ತೇನಿ. ಅಕ್ಕೋರೂ ನೋಡ್ಯಾರ.”

ವಿದ್ವಾಂಸರು ನನ್ನತ್ತ ತಿರುಗಿದರು. ಬಾಗಿಲಲ್ಲಿ ಓಣಿಯ ಹತ್ತಾರು ಜನ ನಿಂತಿದ್ದರು. ನೋಡಿದ್ದೆ ಎಂದರೆ, ನೋಡಿಯೂ ಯಾಕೆ ತೊಳೆಯಲು ಬಿಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಉತ್ತರ ನಾನೇ ಆಗಿದ್ದೆ.

“ಇಲ್ಲ, ನನಗೇನೂ ಹಾಗೆ ಕಾಣಲಿಲ್ಲ,” ಎಂದೆ.

ಯಾರೋ ಕಿಸಕ್ಕನೆ ನಕ್ಕರು. ಕಾಕಾ ನನ್ನ ಮುಖ ನೋಡಲಿಲ್ಲ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಬಂದವರಿಗೆ ಚಹಾ ತರಲು ಒಳಗೆ ಹೋದರು.

ಆಮೇಲೆ ಓಣಿಯವರು ‘ಏನಪಾ, ಇವತ್ತ ಎಲ್ಲಿ ಅರಿವಿ ಕಂಡಿ’ ಎಂದು ಅವರನ್ನು ಕಾಡುವುದನ್ನು ನಾನು ಕಿವಿಯಾರೆ ಕೇಳಿದೆ. ಅವರು ನನಗೆ ರೊಟ್ಟಿ ಕಳಿಸುವುದನ್ನು ಬಿಡಲಿಲ್ಲ, ‘ಅಕ್ಕೋರ’ ಎನ್ನುವುದನ್ನೂ ಬಿಡಲಿಲ್ಲ. ಒಂದು ದಿನ ಹೇಳಬೇಕು, ಹೇಳಿಯೇ ತೀರಬೇಕು ಎಂದುಕೊಳ್ಳುತ್ತಲೇ ನನಗೆ ನೌಕರಿ ಕಾಯಂ ಆಯಿತು, ಬಾದಾಮಿಗೆ ವರ್ಗವೂ ಆಯಿತು.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡ ಸುದ್ದಿ ಬಂತು. ಮೂರನೆಯ ದಿನ ಹೋದೆ. ಕಾಕೂ ನನ್ನ ಕೈ ಹಿಡಿದು ಬಹಳ ಅತ್ತಳು. ಕೊನೆಗಾಲಕ್ಕೆ ಕಾಕಾ ಅವರ ಕಣ್ಣಿಗೆ ಪೊರೆ ಬಂದಿತ್ತು, ಮಗ್ಗ ಬಿಟ್ಟಿದ್ದರು ಎಂದಳು.

“ಸಾಯೂ ಮುಂದ ಅಂತಿದ್ರು ಅಕ್ಕೋರ, ‘ಆ ಕೊಡಲಿ ವಿಷಯದಾಗ ನನ್ನ ಕಣ್ಣ ತಪ್ಪಿರಬೇಕು ನೋಡ. ಮುದುಕನ ಮನಸ್ಸ ನೋಯಬಾರದಂತ ಅಕ್ಕೋರು ಆವತ್ತ ಹೂಂ ಅಂದಿರಬೇಕು. ಓದಿದವರು, ಅಷ್ಟ ಮಂದಿ ಮುಂದ ಸುಳ್ಳ ಯಾಕ ಹೇಳ್ತಾರ’ ಅಂತ.”

“ಅರಿವಿ ಇತ್ತು ಕಾಕೂ,” ಎಂದೆ. “ನಾ ನೋಡಿದ್ದೆ. ತೊಳದಾಕಿನೂ ನಾನ.”

ಆಕೆ ನನ್ನ ಕೈ ಬಿಡಲಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು:

“ಮೂರು ದಿನದ ಹಿಂದ ಬಂದಿದ್ರ ಅವರಿಗೇ ಹೇಳಬಹುದಿತ್ತಲ್ಲರಿ, ಅಕ್ಕೋರ.”