ಲಾಂಡ್ರಿಯ ಬೂದು ಚುಕ್ಕೆ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ದೀಪದಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನೇನು ದೀಪ ಹಚ್ಚುವವನಲ್ಲ. ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಸ್ವಿಚ್ಚುಗಳ ಉಸ್ತುವಾರಿ ಅವನದು. ಸ್ವಿಚ್ಚು ಎಂದರೆ ಫ್ಯಾನು ತಿರುಗಿಸುವ ಗುಂಡಿಯಲ್ಲ. ಮೈತುಂಬ ತಂತಿ ಸಿಕ್ಕಿಸಿಕೊಂಡು, ಪಿಳಿಪಿಳಿ ಹಸಿರು ದೀಪ ಮಿಟುಕಿಸುತ್ತ ಕೂರುವ ಚಪ್ಪಟೆ ಪೆಟ್ಟಿಗೆ. ಪ್ರತಿ ಮಹಡಿಯ ಮೂಲೆಯಲ್ಲೂ ಅಂಥದೊಂದಿತ್ತು. ಬೆಳಿಗ್ಗೆ ಬಂದವನೇ ಟಾರ್ಚು ಹಿಡಿದು ಒಂದು ಸುತ್ತು ಹೊರಡುತ್ತಿದ್ದ. ದೀಪ ನೋಡಲು ಎಷ್ಟು ಹೊತ್ತು ಬೇಕು? ಮಿಕ್ಕಿದ್ದೆಲ್ಲ ಮಾತಿಗೆ ಹೋಗುತ್ತಿತ್ತು: ಔಷಧಿ ಕೌಂಟರಿನವನ ಸೊಂಟನೋವು, ನರ್ಸಮ್ಮನ ಮಗಳ ಗಣಿತ, ಕಾವಲುಗಾರನ ಅಳಿಯನ ದರ್ಬಾರು.

ಮನೆಯಲ್ಲಿ ಅವನಿಗೆ ಮಾತಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಬೇರೆ ಊರಿನ ತಂಗಿ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ "ಊಟ ಆಯ್ತೇನಣ್ಣ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲಿಗೆ ಓಡುತ್ತಿದ್ದಳು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಮಾರನೆಯ ಬೆಳಿಗ್ಗೆಯವರೆಗೆ ಅವನ ಬಾಯಿಗೂ ಬೀಗವೇ.

ಅಂಥವನ ಕೈಗೇ ಹೊಸ ಸಾಫ್ಟ್‌ವೇರ್ ಬಂತು.

"ಇನ್ಮೇಲೆ ನೀವು ಮೆಟ್ಟಿಲು ಹತ್ತಿ ಇಳಿಯೋದು ಬೇಡ," ಎಂದರು ಮೇಲಧಿಕಾರಿ, ದೊಡ್ಡ ಉಪಕಾರ ಮಾಡಿದವರ ಮುಖ ಮಾಡಿ. "ಎಲ್ಲಾ ಸ್ವಿಚ್ಚೂ ಇದಕ್ಕೆ ಸೇರಿಸಿಬಿಡಿ. ಕೂತಲ್ಲೇ ಗೊತ್ತಾಗುತ್ತೆ."

ಒಂದೊಂದು ಸ್ವಿಚ್ಚಿನ ವಿಳಾಸ, ಪಾಸ್‌ವರ್ಡ್ ಕೊಟ್ಟು, ಅದನ್ನು ವಾರ್ಡು, ಕಚೇರಿ, ಔಷಧಿ ಎಂದು ಯಾವುದಾದರೊಂದು ಗುಂಪಿಗೆ ಹಾಕಬೇಕು. ಸಂಪರ್ಕ ಸಿಕ್ಕರೆ ಪರದೆಯ ಮೇಲೆ ಹಸಿರು ಚುಕ್ಕೆ. ಮುಂದೆಂದಾದರೂ ಕೆಟ್ಟರೆ ಚುಕ್ಕೆ ಕೆಂಪಾಗುತ್ತದೆ, ಅವನ ಫೋನಿಗೆ ಸಂದೇಶ ಬರುತ್ತದೆ. ಸಂಪರ್ಕವೇ ಸಿಗದಿದ್ದರೆ ಬೂದು. ದೀಪದಣ್ಣ ಕೆಲಸಗಳ್ಳನಲ್ಲ, ಒಂದೊಂದಾಗಿ ಸೇರಿಸುತ್ತ ಬಂದ. ಒಂದು ಚುಕ್ಕೆ ಹಸಿರಾದಂತೆಲ್ಲ ಒಂದು ಮಹಡಿಯ ಮಾತು ನಿಂತಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಕಡಿಮೆ.

ಕೊನೆಗೆ ಉಳಿದದ್ದು ನೆಲಮಾಳಿಗೆಯ ಲಾಂಡ್ರಿ. ಅಲ್ಲಿದ್ದವಳು ಚಾದರದಕ್ಕ: ಇಡೀ ಆಸ್ಪತ್ರೆಯ ಹಾಸಿಗೆಬಟ್ಟೆ ನೋಡಿಕೊಳ್ಳುವ, ಮಂಡಿನೋವಿನ, ಹರಿತ ನಾಲಿಗೆಯ ಹೆಂಗಸು. ಜೊತೆಗೆ ಇನ್ನೊಬ್ಬರನ್ನು ಕೊಟ್ಟಿರಲಿಲ್ಲ. ಚಾದರದ ನಡುವನ್ನು ಗದ್ದದಡಿ ಒತ್ತಿ ಹಿಡಿದು ಒಬ್ಬಳೇ ಮಡಚುತ್ತಿದ್ದಳು. ಗದ್ದ ಕೆಳಗಿದ್ದರೂ ಮಾತಿಗೇನೂ ಅಡ್ಡಿಯಿರಲಿಲ್ಲ.

"ಏನ್ ದೀಪದಣ್ಣ, ನಿನ್ನೆ ಅಂಗೀನೇ ಇವತ್ತೂನಾ? ಬಿಚ್ಚಿ ಕೊಡಿ, ಮಿಷನ್ನಿಗೆ ಹಾಕ್ತೀನಿ."

ಹೀಗೆ ಬೈಯುವವರು ಅವನಿಗೆ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಲಾಂಡ್ರಿಯ ಸ್ವಿಚ್ಚಿನ ಸರದಿ ಬಂದಾಗ ಅವನು ಬೇಕೆಂದೇ ಬೇರೊಂದರ ಪಾಸ್‌ವರ್ಡ್ ಕೊಟ್ಟ. ಚುಕ್ಕೆ ಬೂದಾಗಿಯೇ ಉಳಿಯಿತು.

"ಇದೊಂದು ಯಾಕೆ ಹೀಗೆ?" ಎಂದರು ಮೇಲಧಿಕಾರಿ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಪರದೆ ಬಿಟ್ಟು ಗೋಡೆ ನೋಡಿದ. "ಹಳೇದು ಸಾರ್, ಮಹಾ ಮೊಂಡು. ದಿನಾ ಹೋಗಿ ನೋಡ್ಕೊಂಡು ಬರ್ತೀನಿ ಬಿಡಿ."

ಕುಂಟುನೆಪವಾದರೂ ನಡೆದುಬಿಟ್ಟಿತು. ಮಿಕ್ಕ ಹೊತ್ತು ಹಸಿರು ಚುಕ್ಕೆಗಳ ಮುಂದೆ ಮೂಕನಾಗಿ ಕೂತಿದ್ದರೂ, ದಿನಕ್ಕೊಮ್ಮೆ ಟಾರ್ಚು ಹಿಡಿದು ಕೆಳಗಿಳಿದು ಬೈಸಿಕೊಂಡು ಬರುತ್ತಿದ್ದ.

ಹೀಗಿರುವಾಗ ಜ್ವರ ಬಂದು ಹಾಸಿಗೆ ಹಿಡಿದ. ರಜೆಯ ಸಂದೇಶಕ್ಕೆ ಮೇಲಧಿಕಾರಿ 'ಸರಿ' ಎಂದಷ್ಟೇ ಉತ್ತರಿಸಿದರು. ಮತ್ತಾರೂ ಕೇಳಲಿಲ್ಲ. ಪರದೆ ಹಸಿರಾಗಿರುವಾಗ ಅದನ್ನು ನೋಡುವವನನ್ನು ಯಾರು ಹುಡುಕುತ್ತಾರೆ? ಬಾಯಾರಿದರೂ ತಾನೇ ಏಳಬೇಕಲ್ಲ ಎನಿಸಿ, ಗೋಡೆ ಕಡೆ ತಿರುಗಿ ಮಗುವಿನಂತೆ ಅತ್ತ.

ಜ್ವರ ಬಿಟ್ಟ ಮೇಲೆ ಬಂದು ನೆಲಮಾಳಿಗೆಗೆ ಇಳಿದರೆ ಸ್ವಿಚ್ಚಿನಲ್ಲಿ ಒಂದು ದೀಪವೂ ಇಲ್ಲ. ಅವನು ಬಾರದಿದ್ದಾಗಲೇ ಅದು ಕೆಟ್ಟು ಕೂತಿತ್ತು. ಮೊದಲೇ ಬೂದಾಗಿದ್ದ ಚುಕ್ಕೆ ಕೆಂಪಾಗುವುದೆಲ್ಲಿಂದ ಬಂತು? ಯಾರಿಗೂ ಸಂದೇಶ ಹೋಗಿರಲಿಲ್ಲ. ವಾರ್ಡುಗಳು ಕಂಪ್ಯೂಟರಿನಲ್ಲಿ ಕಳಿಸುವ ಬೇಡಿಕೆ ಬಾರದೆ, ಚಾದರದಕ್ಕ ಆ ಮಂಡಿಯಲ್ಲೇ ಮಹಡಿ ಮಹಡಿ ಹತ್ತಿ ಕೇಳಿಕೊಂಡು ಬಂದಿದ್ದಳು.

"ಮೇಲೆ ಯಾರಿಗಾದ್ರೂ ಹೇಳಬಾರದಿತ್ತೇನಕ್ಕ?"

"ನೀವು ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ಕಾದೆ. ಯಾಕೆ ಬರ್ಲಿಲ್ಲ ಅಂತ ಕೇಳೋಣ ಅಂದ್ರೆ ನಿಮ್ಮ ನಂಬರೂ ನನ್ ಹತ್ರ ಇಲ್ಲ."

ಅವಳ ಮಂಡಿ ಊದಿತ್ತು. ಅಂದೇ ಹೊಸ ಸ್ವಿಚ್ಚು ತಂದು ಕೂರಿಸಿದ, ಸರಿಯಾದ ಪಾಸ್‌ವರ್ಡ್ ಕೊಟ್ಟ, ಲಾಂಡ್ರಿಯೆಂದು ಗುಂಪು ಮಾಡಿ ಸೇರಿಸಿದ. ಹಸಿರಾಯಿತು.

"ಇನ್ಮೇಲೆ ಇದು ಕೆಟ್ರೆ ತಕ್ಷಣ ನನಗೆ ಗೊತ್ತಾಗುತ್ತೆ ಅಕ್ಕ. ನಾನು ದಿನಾ ಬಂದು ನೋಡೋದೇನೂ ಬೇಕಿಲ್ಲ."

ಅವಳು ಮಡಚುವ ಕೈ ನಿಲ್ಲಿಸಿದಳು. "ಡಬ್ಬ ಕೆಟ್ರೆ ನಿಮಗೆ ಗೊತ್ತಾಗುತ್ತೆ, ಸರಿ. ನಿಮಗೇ ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೇನಾಗುತ್ತೆ ಬಿಡಿ," ಎಂದು ನಕ್ಕು ಮೆಟ್ಟಿಲು ಹತ್ತಿದ. ರಾತ್ರಿಯಿಡೀ ಆ ಮಾತು ಅವನನ್ನು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಪರದೆಯ ತುಂಬ ಹಸಿರು. ಕೆಂಪಿಲ್ಲ, ಬೂದಿಲ್ಲ. ಒಂದಾದರೂ ಕೆಡಬಾರದೇ ಎಂದು ಕಾದ, ಕೆಡಲಿಲ್ಲ. ಕೊನೆಗೆ ಟಾರ್ಚನ್ನು ಮೇಜಿನ ಮೇಲೆಯೇ ಬಿಟ್ಟು ಕೆಳಗಿಳಿದ.

"ಏನ್ ಕೆಟ್ಟಿದೆ?" ಎಂದಳು ಚಾದರದಕ್ಕ.

ನೆಪ ಹುಡುಕಿದ, ಸಿಗಲಿಲ್ಲ. "ಏನೂ ಕೆಟ್ಟಿಲ್ಲಕ್ಕ. ಸುಮ್ನೆ ಬಂದೆ."

ಅವಳು ಗದ್ದದಡಿಯ ಚಾದರ ಬಿಡಿಸಿ ಒಂದು ತುದಿಯನ್ನು ಅವನತ್ತ ಎಸೆದಳು. "ಹಂಗಾದ್ರೆ ಆ ಕಡೆ ಹಿಡೀರಿ."