ಓನರ್ ಶೋ ಹೇಳುತ್ತಿರಲಿಲ್ಲ

ಕಳೆದ ವಾರ ಅಟ್ಟದಿಂದ ಡಬ್ಬಗಳನ್ನು ಇಳಿಸುವಾಗ ಒಂದು ಹಳೆಯ ಬಿಸ್ಕತ್ತಿನ ಟಿನ್ನಿನಿಂದ ಪೌಡರಿನ ವಾಸನೆ ಬಂತು. ಯಾವ ಡಬ್ಬವನ್ನಾದರೂ ಜಿರಲೆ ಇದ್ದೀತೆಂದು ಮಾರು ದೂರ ನಿಂತು ತೆರೆಯುವವನು ನಾನು. ಜಿರಲೆ ಇರಲಿಲ್ಲ, ಇಸ್ಪೀಟ್ ಎಲೆಗಳಿದ್ದವು. ಎಲೆ ಅಂಟಿಕೊಳ್ಳಬಾರದೆಂದು ಪೌಡರ್ ಹಚ್ಚಿಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ಜಯನಗರದ ನಮ್ಮ ಹಳೆಯ ಬಾಡಿಗೆ ಮನೆಯ ಓನರ್...

ಅವರು ಕೆಳಗೆ, ನಾವು ಮೇಲೆ. ಭಾನುವಾರ ಊಟವಾದ ಮೇಲೆ ಮೆಟ್ಟಿಲ ಬುಡದಿಂದ ಕೂಗು ಬರುತ್ತಿತ್ತು: "ಏನ್ರೀ, ಬರ್ತೀರೋ, ನಿದ್ದೆನೋ?" ಓನರ್ ಕರೆದಾಗ ಯಾವ ಬಾಡಿಗೆದಾರ ನಿದ್ದೆ ಅಂದಾನು? ವರಾಂಡದಲ್ಲಿ ಚಾಪೆ ಹಾಸಿರುತ್ತಿತ್ತು. ಅವರು, ಅವರ ಹೆಂಡತಿ, ನಾನು. ಆಟ ಲೀಸ್ಟ್ ಕೌಂಟ್.

ಆಟವೇನೋ ಸುಲಭ. ಸರದಿ ಬಂದಾಗ ಒಂದು ಎಲೆ ಎಸೆದು ಒಂದು ಎತ್ತಿಕೊಳ್ಳಬೇಕು. ಒಂದೇ ನಂಬರಿನವಿದ್ದರೆ ಒಟ್ಟಿಗೇ ಎಸೆಯಬಹುದು. ಕೈಯಲ್ಲಿನ ಮೊತ್ತ ಎಲ್ಲರಿಗಿಂತ ಕಡಿಮೆ ಎನ್ನಿಸಿದಾಗ 'ಶೋ' ಅನ್ನಬೇಕು. ಇನ್ನೊಬ್ಬರ ಹತ್ತಿರ ಅದಕ್ಕಿಂತ ಕಡಿಮೆ ಇದ್ದರೆ ಶೋ ಅಂದವನಿಗೇ ದಂಡ. ಸಮ ಬಂದರೆ ನಮ್ಮ ಅತ್ತೆ ಮನೆಯಲ್ಲಿ ಇಬ್ಬರಿಗೂ ಮಾಫಿ. ಇಲ್ಲಿ ಆಗಲೂ ಶೋ ಅಂದವನೇ ಸೋತ. ಅವರ ಮನೆ, ಅವರ ರೂಲ್ಸು.

ಜೋಕರ್ ಎಂದೋ ಕಳೆದುಹೋಗಿತ್ತು. ಓನರ್ ತಮ್ಮ ಮಗಳ ಮದುವೆಯ ಕರೆಯೋಲೆಯನ್ನು ಎಲೆಯಳತೆಗೆ ಕತ್ತರಿಸಿ, ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಟೋಪಿ ಬರೆದಿದ್ದರು. ಅದಕ್ಕೆ ಸೊನ್ನೆ ಪಾಯಿಂಟ್. ಬೆನ್ನಿನ ಅಕ್ಷರಗಳಿಂದ ಅದು ಯಾರ ಕೈಯಲ್ಲಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. "ಕಾಣ್ಲಿ ಬಿಡ್ರೀ, ನಮ್ಮನೇಲಿ ಮುಚ್ಚುಮರೆ ಇಲ್ಲ" ಎನ್ನುತ್ತಿದ್ದರು.

ನಾನು ಗಾಬರಿಯ ಮನುಷ್ಯ. ಮೊತ್ತ ಏಳೆಂಟಕ್ಕೆ ಇಳಿದರೆ ಸಾಕು, ಇನ್ನೊಬ್ಬರು ಹೇಳಿಬಿಟ್ಟಾರೆಂಬ ಭಯಕ್ಕೆ ಶೋ ಎಂದುಬಿಡುತ್ತಿದ್ದೆ. ಓನರ್ ನಿಧಾನವಾಗಿ ತಮ್ಮ ಎಲೆ ಬಿಚ್ಚಿಡುತ್ತಿದ್ದರು. ಎರಡೋ ಮೂರೋ ಇರುತ್ತಿತ್ತು.

"ಆಗ್ಲೇ ಇತ್ತಲ್ಲ ಅಂಕಲ್, ನೀವೇ ಹೇಳ್ಬಾರ್ದಿತ್ತಾ?"

"ನಾನ್ಯಾಕ್ರೀ ಹೇಳ್ಲಿ? ನೀವು ಹೇಗೂ ಹೇಳ್ತೀರಲ್ಲ."

"ಅವರಿಗೆ ಗೆಲ್ಲೋದಕ್ಕಿಂತ ನಿಮ್ಮ ಮುಖ ನೋಡೋದೇ ಖುಷಿ" ಎಂದು ಆಂಟಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಗಳ ಹತ್ತನೇ ಕ್ಲಾಸು ಮುಗಿಯುವ ತನಕ ಆ ಮನೆ ಬಿಡಬಾರದೆಂಬುದೊಂದೇ ನಮ್ಮ ಆಸೆ. ಶಾಲೆ ಹಿಂದಿನ ರಸ್ತೆಯಲ್ಲೇ ಇತ್ತು. ಒಂದು ದಿನ ಇಬ್ಬರು ಟೇಪು ಹಿಡಿದು ಕಾಂಪೌಂಡ್ ಅಳೆಯುವುದು ಕಂಡಿತು. ಓಡಿಹೋಗಿ ಕೇಳಿದೆ.

"ಅಯ್ಯೋ, ಅಳತೆ ತಗೊಂಡ್ರೆ ಮನೆ ಓಡ್ಹೋಗತ್ತೇನ್ರೀ? ಮಗು ಎಸ್ಸೆಸ್ಸೆಲ್ಸಿ ಮುಗಿಯೋವರ್ಗೂ ನೀವು ಇಲ್ಲೇ. ಬನ್ನಿ, ಎಲೆ ಹಾಕೋಣ."

ನಂಬಿದೆ. ಗ್ಯಾಸ್ ಆಫ್ ಮಾಡಿದ್ದೇನೆಂದು ಹೆಂಡತಿ ಆಣೆಯಿಟ್ಟರೂ ಅರ್ಧ ದಾರಿಯಿಂದ ವಾಪಸು ಬರುವ ನಾನು, ಇದನ್ನು ನಂಬಿದೆ.

ಆಮೇಲೆ ಮೇಲಿನ ಟ್ಯಾಂಕಿಗೆ ನೀರು ಏರುವುದು ಕಡಿಮೆಯಾಯಿತು. ಮೋಟರ್ ರಿಪೇರಿ ಎಂದರು. ಬಾತ್‌ರೂಮಿನ ಸೂರು ಸೋರಿತು. ಮಳೆ ನಿಲ್ಲಲಿ ಎಂದರು. ಮಳೆ ನಿಂತಿತು... ಮಗಳು ಯೂನಿಫಾರ್ಮಿನಲ್ಲೇ ಕೆಳಗಿನಿಂದ ಬಕೆಟ್ ಹೊತ್ತು ತರುವುದನ್ನು ನೋಡಲಾಗದೆ, ಒಂದು ಭಾನುವಾರ ಆಟದ ಮಧ್ಯೆಯೇ ಬಾಯಿಬಿಟ್ಟೆ.

"ಅಂಕಲ್, ಹೀಗೇ ಆದ್ರೆ ನಾವು ಬೇರೆ ಮನೆ ನೋಡ್ಕೋಬೇಕಾಗತ್ತೇನೋ."

ತಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಎಲೆಗಳನ್ನು ಮತ್ತೊಮ್ಮೆ ಜೋಡಿಸಿಕೊಂಡರು. "ನಿಮ್ಮಿಷ್ಟ. ನಾನಾಗಿ ಹೋಗಿ ಅನ್ನೋನಲ್ಲ." ಆಂಟಿ ತಲೆಯೆತ್ತಲಿಲ್ಲ.

ದೂರದ ಗೊಟ್ಟಿಗೆರೆಯಲ್ಲಿ ಮನೆ ಸಿಕ್ಕಿತು. ಸಾಮಾನು ಏರಿಸಿದ ದಿನ ಓನರ್ ಈ ಟಿನ್ನನ್ನು ನನ್ನ ಕೈಗಿಟ್ಟರು. "ತಗೊಂಡ್ಹೋಗಿ. ಇನ್ಯಾರ ಜೊತೆ ಆಡ್ಲಿ?" ನನ್ನ ಕಣ್ಣು ತುಂಬಿತು. ಪಾಪ, ವಯಸ್ಸಾದವರನ್ನು ಬಿಟ್ಟು ಬಂದೆವಲ್ಲ ಎಂದು ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಹೆಂಡತಿಯ ಹತ್ತಿರ ಪೇಚಾಡಿದೆ.

ತಿಂಗಳು ತುಂಬಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಆ ಕಡೆ ಹೋದರೆ ಮನೆಗೆ ಹಸಿರು ಪರದೆ ಕಟ್ಟಿದ್ದರು. ಒಳಗೆ ಗೋಡೆ ಒಡೆಯುವ ಸದ್ದು. ಪಕ್ಕದ ಮನೆಯವರಿಗೆ ನನ್ನ ಆಶ್ಚರ್ಯವೇ ಆಶ್ಚರ್ಯ. "ಬಿಲ್ಡರ್ ಜೊತೆ ಮಾತಾಗಿ ವರ್ಷದ ಮೇಲಾಯ್ತಲ್ಲ! ನಾವಾಗಿ ಹೇಳಿದ್ರೆ ಕೆಟ್ಟ ಹೆಸರು, ಅವರಾಗೇ ಬಿಟ್ಟುಹೋಗ್ಲಿ ಅಂತಿದ್ರು."

ವರ್ಷದ ಮೇಲೆ. ಅಷ್ಟೂ ಭಾನುವಾರ ಎದುರಿಗೇ ಕೂತಿದ್ದರು, ಎಲೆ ಕೈಯಲ್ಲಿಟ್ಟುಕೊಂಡು, ನಾನು ಹೇಗೂ ಹೇಳುತ್ತೇನೆಂದು ಗೊತ್ತಿದ್ದು... ಹತ್ತನೇ ಕ್ಲಾಸನ್ನು ನನ್ನ ಮಗಳು ಬಸ್ಸಿನಲ್ಲಿ ನಿಂತೇ ಓದಿದಳು.

ಹೋದ ವರ್ಷ ಓನರ್ ತೀರಿಕೊಂಡರೆಂದು ಫೋನಿಗೆ ಸುದ್ದಿ ಬಂತು. ಜಗಳಕ್ಕೆಂದು ಸ್ನಾನ ಮಾಡುವಾಗೆಲ್ಲ ತಯಾರಿ ಮಾಡಿಕೊಂಡಿದ್ದ ಮಾತುಗಳು ಹಾಗೇ ಉಳಿದವು. ಇಲ್ಲಿ ಭಾನುವಾರ ಯಾರೂ ಮೆಟ್ಟಿಲಿನಿಂದ ಕೂಗುವುದಿಲ್ಲ. ಊಟವಾದ ಮೇಲೆ ನನಗೆ ಮಾತ್ರ ಇನ್ನೂ ನಿದ್ದೆ ಬರುವುದಿಲ್ಲ.

"ಅದನ್ನಿನ್ನೂ ಇಟ್ಕೊಂಡಿದ್ದೀರಾ? ಬಿಸಾಕಿ" ಎಂದಳು ಹೆಂಡತಿ. ಕಸದ ಬುಟ್ಟಿಯ ತನಕ ಹೋದೆ. ಟಿನ್ನಿನೊಳಗೆ ಮೇಲುಗಡೆಯೇ ಆ ಜೋಕರ್ ಬೋರಲು ಬಿದ್ದಿತ್ತು. ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೆ, ಬೆನ್ನಿನಲ್ಲಿ ಏನಿದೆ ಎಂದು ಒಮ್ಮೆಯೂ ಓದಿರಲಿಲ್ಲ: 'ತಮ್ಮ ಆಗಮನವನ್ನೇ ಎದುರು ನೋಡುತ್ತಿರುವ'. ಕೆಳಗೆ, ಅವರ ಹೆಸರಿರಬೇಕಾದಲ್ಲಿ, ಕತ್ತರಿ ಆಡಿತ್ತು.