ಚಿಕ್ಕ ಹೆಜ್ಜೆಯ ಬಿರುಕು

ವಿಮಾನದ ತಗಡಿನಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಎಂಬ ಲೆಕ್ಕವನ್ನು ಈಗ ಕಂಪ್ಯೂಟರು ಕಾಫಿ ಆರುವುದರೊಳಗೆ ಮುಗಿಸುತ್ತದಂತೆ. ಇಷ್ಟು ಆತುರ ಯಾರಿಗೆ ಬೇಕಿತ್ತೋ!

ಎಂಬತ್ತರ ದಶಕದಲ್ಲಿ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ತಗಡಿನ ಚಿತ್ರ ಬರೆದು, ಅದನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಕೈಯಲ್ಲೇ ಭಾಗ ಮಾಡಿ ಕಂಪ್ಯೂಟರಿಗೆ ಕೊಡಬೇಕಿತ್ತು. ಬಿರುಕು ಒಂದು ಹೆಜ್ಜೆ ಮುಂದೆ ಹೋದರೆ ಅದರ ತುದಿಯ ಸುತ್ತಲಿನ ತ್ರಿಕೋನಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕು. ಅದು ಇಬ್ಬರ ಕೆಲಸ. ಗೆರೆ ಎಳೆಯುತ್ತಿದ್ದವಳು ನಾನು. ಎದುರಿಗೆ ಕೂತು ಮೂಲೆಗಳಿಗೆ ನಂಬರ್ ಹಾಕುತ್ತಿದ್ದವರು ಆರ್.ಟಿ. ನಗರದಿಂದ ಬರುತ್ತಿದ್ದ ಸಹೋದ್ಯೋಗಿ. ಅವರು ಮನೆಯಲ್ಲಿ ಉರ್ದು, ನನ್ನೊಡನೆ ಕನ್ನಡ.

ಬಿರುಕು ನನ್ನ ಕಡೆಯ ಅಂಚಿನಿಂದ ಹೊರಟಿತ್ತು. "ನೋಡಿ ಮೇಡಂ, ಇವತ್ತೂ ನನ್ ಕಡೆಗೇ ಬರ್ತಿದೆ," ಎಂದು ನಗುತ್ತಿದ್ದರು. ಅದು ಅವರ ಅಂಚು ಮುಟ್ಟಿದರೆ ತಗಡು ಎರಡು ತುಂಡು, ನಮ್ಮ ಕೆಲಸವೂ ಮುಗಿದಂತೆ.

ಹೆಜ್ಜೆಯ ಉದ್ದವನ್ನು ಆರಿಸುವುದು ನನ್ನ ಪಾಲಿಗಿತ್ತು. ಹೆಜ್ಜೆ ಚಿಕ್ಕದಿದ್ದಷ್ಟೂ ಉತ್ತರ ನಿಖರ, ಇಬ್ಬರೂ ಎದುರುಬದುರು ಕೂರುವ ದಿನಗಳೂ ಹೆಚ್ಚು. ನಾನು ತೀರಾ ಚಿಕ್ಕದನ್ನೇ ಆರಿಸುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಸಾಹೇಬರು ಮೇಜಿನ ಬಳಿ ಬಂದು ರೇಗಿದರು. "ಏನ್ರೀ ಇದು, ಆಮೆ ಥರ ಹೋಗ್ತಿದೆ? ದೊಡ್ಡ ಹೆಜ್ಜೆ ಹಾಕಿ ಮುಗಿಸ್ರೀ."

ನನ್ನ ಎದುರಿಗೆ ಕೂತಿದ್ದವರು ತಲೆಯೆತ್ತದೆ ಹೇಳಿದರು: "ಬೇಡ ಸಾರ್. ಇನ್ನೂ ಚಿಕ್ಕದು ಮಾಡೋಣ ಅಂತ ಮಾತಾಡ್ಕೊಂಡಿದ್ವಿ."

ನಾವು ಹಾಗೆ ಮಾತಾಡಿಕೊಂಡಿರಲೇ ಇಲ್ಲ. ಆಮೇಲೂ ಅದರ ಬಗ್ಗೆ ಮಾತಾಡಲಿಲ್ಲ. ಬಿರುಕು ಮಾತ್ರ ಒಂದು ದಿನ ಅವರ ಅಂಚನ್ನು ಮುಟ್ಟಿತು.